ಚಿಟ್ಟೆಯ ಹಿಂಬದಿ

ಕ್ಯಾಂಡಿ, ಶ್ರೀಲಂಕಾ
ಮಂಗಳವಾರ, ಫೆಬ್ರವರಿ ೧೧, ೨೦೨೫

ನಮ್ಮನೆಯವರಿಗೆ ನಿರ್ಮಲಳ ನಮಸ್ಕಾರಗಳು.

ಬಲಗಣ್ಣಿನ ನೋವು ಈಗ ಹೇಗಿದೆ? ಡಾಕ್ಟರು ಹೇಳಿದಂತೆ ಬೋರಲಾಗಿ ಮಲಗುತ್ತಿದ್ದೀರೋ, ಸೊಸೆ ಅಡುಗೆಮನೆಗೆ ಹೋದ ತಕ್ಷಣ ಎದ್ದು ಕೂರುತ್ತೀರೋ? ರೂಪಶ್ರೀ, ಓದುತ್ತಿರುವವಳು ನೀನೇ ಅಲ್ಲವೇ, ಮೊದಲು ಮಾವನ ಕಣ್ಣಿಗೆ ಡ್ರಾಪ್ಸ್ ಹಾಕು, ಆಮೇಲೆ ಮುಂದಕ್ಕೆ ಓದು. ಕಾಗದದ ಫೋಟೋ ತೆಗೆದು ಕಳಿಸುತ್ತಿದ್ದೇನೆ, ಅಕ್ಷರ ಸಣ್ಣದಾದರೆ ದೊಡ್ಡದು ಮಾಡಿಕೋ. ನಾನೂ ನಾದಿನಿ ಸಂಧ್ಯಾರಾಣಿಯೂ ಆರಾಮಾಗಿದ್ದೇವೆ. ನಿಮ್ಮ ತಂಗಿಗೆ ಬಸ್ಸು ಹತ್ತಿದರೆ ನಿದ್ದೆ, ಇಳಿದರೆ ಊಟ.

ಹೊನ್ನಾಳಿಯಿಂದ ಹೊರಡುವಾಗ ನಿಮ್ಮ ಮೇಲೆ ಸಿಟ್ಟಿತ್ತು. ಎರಡು ವರ್ಷ ಪುಸ್ತಕ ತಿರುವಿ ಈ ಪ್ರವಾಸ ಹೊಂದಿಸಿದವರು ನೀವು. ಈ ದ್ವೀಪದಲ್ಲಿ ಮಾತ್ರ ಇರುವ ಆ ಕಪ್ಪು ಹಳದಿಯ ಬರ್ಡ್‌ವಿಂಗ್ ಚಿಟ್ಟೆಯನ್ನು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದವರೂ ನೀವೇ. ಅಷ್ಟರಲ್ಲಿ ಕಣ್ಣಿನ ಆಪರೇಷನ್ ಆಯಿತು, ಒಳಗೆ ಗ್ಯಾಸ್ ತುಂಬಿದ್ದಾರೆ, ವಿಮಾನ ಹತ್ತುವಂತಿಲ್ಲ ಎಂದರು. ನಾನೂ ಹೋಗುವುದಿಲ್ಲ ಎಂದರೆ, "ಇಬ್ರೂ ಉಳಿದ್ರೆ ಚಿಟ್ಟೆ ನೋಡೋರು ಯಾರೇ? ನೀನು ಹೋಗಿ ಬಾ, ನಾನು ಕೇಳಿಸ್ಕೊಂತೀನಿ" ಅಂದಿರಿ. ನಿಮ್ಮ ಚಿಟ್ಟೆ ಹುಚ್ಚನ್ನು ಮೂವತ್ತು ವರ್ಷ ಆಡಿಕೊಂಡವಳನ್ನೇ ನಿಮ್ಮ ಕಣ್ಣು ಮಾಡಿ ಕಳಿಸಿದಿರಿ.

ನೀವು ಫೋನು ನೋಡುವಂತಿಲ್ಲವಾದ್ದರಿಂದ, ತೆಗೆದ ಫೋಟೋಗಳನ್ನೆಲ್ಲ ಬಾಯಲ್ಲೇ ಹೇಳಬೇಕಾಯಿತು. ಮೊದಲ ದಿನದ ನಲವತ್ತನ್ನೂ ನಮ್ಮ ಅಂಗಡಿಯ ಸೀರೆಗಳ ಹಾಗೆ, ಒಡಲು ಇಂಥದ್ದು, ಅಂಚು ಇಂಥದ್ದು ಎಂದು ಒಪ್ಪಿಸಿದೆ. ಎಲ್ಲ ಕೇಳಿಸಿಕೊಂಡು ನೀವು, "ಹಿಂಬದಿ ಹೆಂಗೈತೆ?" ಎಂದಿರಿ. ರೆಕ್ಕೆಯ ಹಿಂಬದಿ ಒಂದರದೂ ಇರಲಿಲ್ಲ. ಗಾದಿ ಮೇಲೆ ಕೂತು ಗಿರಾಕಿಗಳಿಗೆ ಬರೀ ಮುಂಬದಿ ಹರವಿ ತೋರಿಸಿದ ಚಾಳಿ, ಬಿಡುವುದೆಲ್ಲಿ? ರೆಕ್ಕೆ ಮಡಚಿ ಕೂತವನ್ನು ಬೇಡವೆಂದು ಬಿಟ್ಟು, ಬಿಚ್ಚಿದವನ್ನಷ್ಟೇ ಹಿಡಿದಿದ್ದೆ. ಅಂಗಡಿಗೆಂದು ನೇಕಾರರ ಬಳಿ ಸೀರೆ ಕೊಳ್ಳಲು ಹೋದಾಗ ತಿರುವಿ ಹಾಕಿ ಹಿಂಬದಿಯ ನೂಲು ನೋಡದೆ ಬೆಲೆ ಕೇಳಿದವರಲ್ಲ ನೀವು, ಅದಾದರೂ ನನಗೆ ನೆನಪಾಗಬೇಕಿತ್ತು. ಬೈಯುತ್ತೀರಿ ಅಂದುಕೊಂಡೆ, ನಕ್ಕುಬಿಟ್ಟಿರಿ. ಆಪರೇಷನ್ ಆದಮೇಲೆ ನೀವು ನಕ್ಕಿದ್ದು ಅದೇ ಮೊದಲು. ಫೋನಿಟ್ಟು ಸ್ವಲ್ಪ ಹೊತ್ತು ಅತ್ತೆ.

ಮರುದಿನದಿಂದ ಮಂಡಿಯೂರಿ ಹಿಂಬದಿ ಹುಡುಕಿದೆ. ಈ ಮಂಡಿಗಳ ಕಥೆ ನಿಮಗೆ ಗೊತ್ತೇ ಇದೆ, ಎಬ್ಬಿಸಲು ಸಂಧ್ಯಾರಾಣಿ ಬೇಕು. ಒಂದು ಸಿಕ್ಕಿತು: ಕಪ್ಪು ಒಡಲು, ಕೆಳರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು, ತುದಿಗೆ ಪುಟ್ಟ ಬಾಲ. ಲಂಕೆಯದೇ ಅಪರೂಪದ್ದು ಎಂದು ಬೀಗುತ್ತ ಹೇಳಿದರೆ, "ಅದು ನಮ್ಮ ಹಿತ್ತಲ ಕರಿಬೇವಿನ ಗಿಡದ್ದೇ ಕಣೇ. ಅದನ್ನ ನೋಡಾಕೆ ಸಮುದ್ರ ದಾಟಬೇಕಿತ್ತಾ?" ಎಂದಿರಿ. ಆ ಗಿಡದ ಹುಳುಗಳನ್ನು ನಾನು ಕಿತ್ತು ಎಸೆಯುವುದು, ನೀವು ಸದ್ದಿಲ್ಲದೆ ಆರಿಸಿ ಮತ್ತೆ ಎಲೆ ಮೇಲೆ ಬಿಡುವುದು, ಅದಕ್ಕೆ ನಾನು ಕೂಗಾಡುವುದು. ಎಷ್ಟು ವರ್ಷ ನಡೆಯಿತು ಇದು! ತಪ್ಪಾಯಿತು. ನಮ್ಮ ಜೊತೆಗಿದ್ದ ಗೈಡ್ ತನ್ನ ಪುಸ್ತಕ ತೆಗೆದು ನೋಡಿದ, ನೀವು ಹೇಳಿದ್ದೇ ಸರಿ. ನೋಡದೆಯೇ ಗುರುತಿಸಿದವರ ಹೆಸರೇನು ಎಂದು ಕೇಳಿದ. ನಿಮ್ಮ ಹೆಸರನ್ನು ಎಂದೂ ಬಾಯಿಗೆ ತರದವಳು, ಎಲ್ಲರೆದುರು ಬೆನಕಪ್ಪ ಎಂದು ಗಟ್ಟಿಯಾಗಿ ಹೇಳಿದೆ. ಸಂಧ್ಯಾರಾಣಿಗೆ ನಿದ್ದೆಯೇ ಹಾರಿಹೋಯಿತು.

ನೀವು ಕಳಿಸದಿದ್ದರೆ ನನಗೆ ಇದು ಯಾವುದೂ ಕಾಣುತ್ತಿರಲಿಲ್ಲ. ನಿಮ್ಮಿಂದ ನನಗೆ ದೊಡ್ಡ ಉಪಕಾರವಾಯಿತು, ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆದೆ. ಆದರೆ ನಿನ್ನೆ ರೂಪಶ್ರೀ ಹೇಳಿದ ಮಾತು ಕೇಳಿ ಊಟ ಸೇರಲಿಲ್ಲ. ಈಗಲೇ ಲೇಸರ್ ಮಾಡಿಸದಿದ್ದರೆ ಎಡಗಣ್ಣಿಗೂ ಇದೇ ಗತಿ ಎಂದು ದಾವಣಗೆರೆಯ ಡಾಕ್ಟರು ಹೇಳಿದರೂ, "ಅರವತ್ತೆಂಟಾತು, ಇನ್ನು ನೋಡೋದೇನೈತೆ" ಎಂದು ಗುರುವಾರ ಹೋಗುವುದನ್ನು ಬೇಡ ಅಂದಿರಂತೆ. ಇನ್ನೊಂದು ಸಲ ಯೋಚನೆ ಮಾಡಿ. ರೂಪಶ್ರೀಗೆ ನನ್ನ ಆಶೀರ್ವಾದ. ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೇಳಿ.

ನಿಮ್ಮ
ನಿರ್ಮಲ

ಬಸ್ಸು ಹಾರನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ನಿಮ್ಮ ಬರ್ಡ್‌ವಿಂಗ್ ಇವತ್ತು ಬೆಳಿಗ್ಗೆ ಸಿಕ್ಕಿತು. ನನ್ನಿಂದ ಒಂದು ಮಾರು ದೂರದ ಹೂವಿನ ಮೇಲೆ, ಒಂದು ಸೀರೆ ಮಡಚುವಷ್ಟು ಹೊತ್ತು ಕೂತಿತ್ತು, ಎರಡೂ ಬದಿ ತೋರಿಸಿತು. ಕೈಯಲ್ಲಿದ್ದ ಫೋನನ್ನು ಬೇಕೆಂದೇ ಚೀಲಕ್ಕೆ ಹಾಕಿದೆ. ಒಂದು ಫೋಟೋ ಕೂಡ ಇಲ್ಲ. ಹೇಗಿತ್ತು ಎಂದು ರೂಪಶ್ರೀ ಕೈಲಿ ಕೇಳಿಸಬೇಡಿ, ನಾನು ಹೇಳುವುದಿಲ್ಲ. ಮುಂದಿನ ಫೆಬ್ರವರಿಗೆ ನಾವಿಬ್ಬರೂ ಬರುತ್ತೇವೆ ಎಂದು ಗೈಡಿಗೆ ಮಾತು ಕೊಟ್ಟಿದ್ದೇನೆ. ಗುರುವಾರ ಡಾಕ್ಟರು ಹತ್ತು ಗಂಟೆಗೆಲ್ಲ ಬಂದಿರುತ್ತಾರೆ, ಎಂಟರ ಬಸ್ಸಿಗೇ ಹೊರಡಿ.