ಪುಟ್ಟಿಯ ಹೆಬ್ಬೆರಳು, ಅಮ್ಮನ ಅಧಿಕಾರ ಪತ್ರ

ಮಾನ್ಯ ನೋಂದಣಿ ಅಧಿಕಾರಿಗಳೇ,

ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿಸಿ ಸುತ್ತಿಸಿ ಸುಸ್ತು ಮಾಡುವುದು ನಿಮ್ಮ ಕಚೇರಿಯ ಪದ್ಧತಿ. ನಮ್ಮಮ್ಮ ನನ್ನ ಹೆಸರಿಗೆ ಬರೆದುಕೊಡಬೇಕಿದ್ದ ಪವರ್ ಆಫ್ ಅಟಾರ್ನಿಯನ್ನು ನಿಮ್ಮ ಬೆರಳಚ್ಚು ಯಂತ್ರ ನನ್ನ ತಂಗಿಗೆ ಕೊಟ್ಟುಬಿಟ್ಟಿದೆ. ಖರ್ಚೆಲ್ಲ ನನ್ನದು, ಅಧಿಕಾರ ಅವಳದು. ಹೊಟ್ಟೆಕಿಚ್ಚಿಗೆ ಬರೆದಿದ್ದಾಳೆ ಎಂದು ತಾವು ಪತ್ರವನ್ನು ಪಕ್ಕಕ್ಕಿಡಬಹುದು. ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ಅದಕ್ಕೂ ಏನಾದರೂ ಶುಲ್ಕವಿದ್ದರೆ ತಿಳಿಸಿ, ಕಟ್ಟುತ್ತೇನೆ.

ನಾನು ದರ್ಜಿ. ಅಮ್ಮನೂ ದರ್ಜಿಯೇ. ಪಾರ್ಶ್ವವಾಯು ಬಡಿದು ಅವಳ ಬಲಗೈ, ಬಲಗಾಲು ಕೆಲಸ ಬಿಟ್ಟಾಗಿನಿಂದ ಅಂಗಡಿಯನ್ನೂ ಅವಳನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಳಿಗೆ ಅಮ್ಮನ ಹೆಸರಿನಲ್ಲಿದೆ. ತೆರಿಗೆ, ವಿದ್ಯುತ್ ಮೀಟರು, ಬ್ಯಾಂಕು, ಯಾವುದೂ ಅವಳ ಸಹಿಯಿಲ್ಲದೆ ಆಗದು. ಅಧಿಕಾರ ಪತ್ರ ಮಾಡಿಸೋಣವೇ ಎಂದು ಕೇಳಿದಾಗ ಅಮ್ಮ, "ಮಾಡ್ಸು, ನಂಗೇನಂತೆ" ಅಂದಳು. ಯಾರ ಹೆಸರಿಗೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜೊತೆಗಿರುವವಳು ನಾನೊಬ್ಬಳೇ ಇರುವಾಗ ಅದನ್ನೇನು ಹೇಳುವುದು?

ವಕೀಲರು ಕರಡು ಬರೆದದ್ದಕ್ಕೆ ದುಡ್ಡು ತೆಗೆದುಕೊಂಡರು, ಅದನ್ನೇ ಮತ್ತೆ ಓದಿ ಹೇಳಿದ್ದಕ್ಕೂ ತೆಗೆದುಕೊಂಡರು. ಛಾಪಾ ಕಾಗದವಾಯಿತು. ಅಮ್ಮನ ಮುಖವನ್ನೇ ಕಂಡಿರದ ಸಾಕ್ಷಿದಾರರು ಬಾಗಿಲ ಬಳಿಯೇ ಬಾಡಿಗೆಗೆ ಸಿಕ್ಕರು. ಅಮ್ಮನ ಬುದ್ಧಿ ನೆಟ್ಟಗಿದೆಯೆಂದು ವೈದ್ಯರ ಪ್ರಮಾಣಪತ್ರ ಬೇರೆ. ಪುಣ್ಯಕ್ಕೆ ನನ್ನ ಬುದ್ಧಿಗೆ ಪ್ರಮಾಣಪತ್ರ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ನಡೆಯಲಾಗದವರು ಬರಬೇಕಾದ ಕಚೇರಿಯನ್ನು ಎರಡನೇ ಮಹಡಿಯಲ್ಲಿಟ್ಟ ಪುಣ್ಯಾತ್ಮ ಯಾರು? ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನು ಮತ್ತು ಸಾಕ್ಷಿದಾರರೊಬ್ಬರು ಎತ್ತಿಕೊಂಡು ಹತ್ತಿದೆವು. ಕಾರು ಓಡಿಸಿಕೊಂಡು ಬಂದಿದ್ದ ತಂಗಿ ಪುಟ್ಟಿ ಹಿಂದಿನಿಂದ, "ಹುಷಾರು, ಹುಷಾರು" ಎನ್ನುತ್ತಾ ಬಂದಳು.

ಅಮ್ಮನ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಅಧಿಕಾರ ಕೊಡುವವರು ಕಾಯಿಲೆಯವರಾದರೆ ವಿನಾಯಿತಿ ಇದೆಯೆಂದು ನಿಮ್ಮ ಗುಮಾಸ್ತರು ಶಾಯಿಯಲ್ಲೇ ಒತ್ತಿಸಿಕೊಂಡರು. ಬಳಿಕ ನನ್ನ ಸರದಿ. ಕೆಂಪು ದೀಪ. ಒರೆಸಿ ಇಟ್ಟೆ, ಕೆಂಪು. ಎಡಗೈ ಇಟ್ಟೆ, ಅದಕ್ಕೂ ಕೆಂಪು.

"ಏನ್ ಮಾಡ್ಕೊಂಡಿದ್ದೀರಮ್ಮಾ ಬೆರಳಿಗೆ? ಒಂದು ಗೆರೇನೂ ಇಲ್ವಲ್ಲ!"

"ಬಟ್ಟೆ ಹೊಲ್ದಿದ್ದೀನಿ," ಅಂದೆ.

"ಅಧಿಕಾರ ತಗೊಳ್ಳೋರಿಗೆ ವಿನಾಯಿತಿ ಇಲ್ಲ. ಮನೇಲಿ ಬೇರೆ ಯಾರೂ ಇಲ್ವಾ?"

ಇದ್ದಾಳಲ್ಲ, ನಮ್ಮ ಪುಟ್ಟಿ! ಚಿಕ್ಕವಳಿದ್ದಾಗ ಸೂಜಿ ಮುಟ್ಟಿದರೆ, "ಬಿಡೇ, ಚುಚ್ಕೋತೀಯ" ಎಂದು ಅಮ್ಮ ಕಿತ್ತುಕೊಂಡು ನನ್ನ ಕೈಗೆ ಕೊಡುತ್ತಿದ್ದಳು. ನನಗೆ ಚುಚ್ಚುವುದಿಲ್ಲವೇನೋ! ಆ ಪುಟ್ಟಿ ಎದ್ದು ಬಂದಳು, ಹೆಬ್ಬೆರಳಿಟ್ಟಳು. ಮುಟ್ಟಿದ್ದೇ ತಡ, ಹಸಿರು ದೀಪ. ಅಮ್ಮ ಅಷ್ಟು ಸುಸ್ತಿನಲ್ಲೂ ನಕ್ಕು, "ನಮ್ಮ ಪುಟ್ಟಿ ಕೈ ನೋಡು, ಬೆಣ್ಣೆ" ಅಂದಳು. ನನ್ನ ಮೈ ಉರಿದುಹೋಯಿತು. ಕುರ್ಚಿಯಲ್ಲಿ ವಾಲುತ್ತಿದ್ದ ಅಮ್ಮನನ್ನು ಇನ್ನೊಂದು ದಿನ ಆ ಮೆಟ್ಟಿಲು ಹತ್ತಿಸಲು ಮನಸ್ಸು ಬಾರದೆ ಹೂಂ ಎಂದೆ. ಪತ್ರದಲ್ಲಿ ಹೆಸರು ಬದಲಿಸಿದ ವಕೀಲರು ಮತ್ತೆ ಕೈ ಚಾಚಿದರು. ಪುಟ್ಟಿ ನನ್ನ ಕಿವಿಯಲ್ಲಿ, "ಅಕ್ಕಾ, ಪರ್ಸು ಕಾರಲ್ಲೇ ಇದೆ, ನೀನೇ ಕೊಟ್ಬಿಡು" ಅಂದಳು. ಕೊಟ್ಟೆ.

ಕಳೆದ ವಾರ ಅವಳು ಕೇಕ್ ಅಂಗಡಿಯವರೊಬ್ಬರನ್ನು ಮಳಿಗೆಗೆ ಕರೆತಂದಿದ್ದಳು. ನನ್ನ ಕೊರಳಲ್ಲಿದ್ದ ಟೇಪನ್ನೇ ಇಸಿದುಕೊಂಡು ಗೋಡೆಯಿಂದ ಗೋಡೆಗೆ ಅಳೆದರು. "ಸುಮ್ನೆ ವಿಚಾರಿಸ್ತಿದ್ದೀನಿ ಅಕ್ಕ, ಮುಖ ಊದಿಸ್ಕೋಬೇಡ. ಒಳ್ಳೇ ಬಾಡಿಗೆ ಬರುತ್ತೆ, ನೀನು ಮನೇಲೇ ಕೂತು ಹೊಲೀಬಹುದು," ಎಂದಳು. ಕಾಗದದ ಪ್ರಕಾರ ಅವಳು ಹಾಗೆ ಮಾಡಬಹುದು. ಅಮ್ಮ ನನಗೆ ಕೆಲಸ ಕಲಿಸಿದ ಜಾಗದಲ್ಲಿ ನಾಳೆ ಕೇಕು ಮಾರಬಹುದು.

ಅಂದು ನಿಮ್ಮ ಕಚೇರಿ ಅಮ್ಮನನ್ನು ಏನೇನು ಕೇಳಲಿಲ್ಲ! ವಯಸ್ಸು ಕೇಳಿತು, ಅವಳ ಅಪ್ಪನ ಹೆಸರು ಕೇಳಿತು, ಮೈಮೇಲಿನ ಮಚ್ಚೆ ಎಲ್ಲಿದೆ ಎಂದೂ ಕೇಳಿತು. ನಿನ್ನ ಅಧಿಕಾರ ಯಾವ ಮಗಳ ಕೈಯಲ್ಲಿರಲಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಅದನ್ನು ದೀಪಕ್ಕೆ ಬಿಟ್ಟಿರಿ.

ಈಗ ರದ್ದು ಮಾಡಿಸಬೇಕೆಂದರೆ ಅದೇ ಶುಲ್ಕ, ಅದೇ ವಕೀಲರು, ಅದೇ ಮೆಟ್ಟಿಲು. "ನನ್ನನ್ನ ಮತ್ತೆ ಅಲ್ಲಿಗೆ ಹೊತ್ಕೊಂಡು ಹೋಗ್ಬೇಡ ಕಣೇ" ಎನ್ನುತ್ತಾಳೆ ಅಮ್ಮ. ಆದ್ದರಿಂದ ತಾವೇ ನಮ್ಮ ಮನೆಗೆ ಬರಬೇಕು. ಯಂತ್ರ ಬೇಡ, ಶಾಯಿಯ ಡಬ್ಬಿ ಸಾಕು. ಪುಟ್ಟಿಯನ್ನೂ ಕರೆಸುತ್ತೇನೆ. ನಮ್ಮಿಬ್ಬರ ಎದುರಿಗೇ ಅಮ್ಮನನ್ನು ಆ ಒಂದು ಪ್ರಶ್ನೆ ಕೇಳಿ, ಅವಳು ಹೇಳಿದ್ದನ್ನು ಬರೆದುಕೊಳ್ಳಿ. ನೀನೇ ಕೇಳಬಾರದೇ ಎನ್ನುತ್ತೀರಾ? ಎಷ್ಟೋ ಸಲ ಬಾಯಿಯವರೆಗೆ ಬಂದಿದೆ. ಅವಳು ಪುಟ್ಟಿ ಎಂದುಬಿಟ್ಟರೆ? ನೀವು ಕಾಗದ ಮಡಚಿಕೊಂಡು ಹೊರಟುಹೋಗುತ್ತೀರಿ. ಮರುದಿನ ಬೆಳಿಗ್ಗೆ ಅಮ್ಮನ ತಲೆ ಬಾಚಬೇಕಾದವಳು ನಾನು.

ಆದರೂ ಬಂದು ಕೇಳಿ.

ಇಂತಿ,
ಹೆಬ್ಬೆಟ್ಟು ಒತ್ತಲು ಬಾರದ ಕಾರಣ ಸಹಿ ಮಾಡಿರುವ
ದೊಡ್ಡ ಮಗಳು