ಬಿಸಿಮರಳಿನಲ್ಲಿ ನೆನಪು ಕಳೆದ ಪಟ್ಟಿ

ತಾಮ್ರದ ದಿಬ್ಬ, ದುರ್ಗದ ಸೀಮೆ
ಇಸವಿ ೨೩೧೨, ನಾಲ್ಕನೇ ಬೇಸಿಗೆಯ ಆರನೇ ದಿನ

ಆ ಹಾಳೆ ಬರೆದವರಿಗೆ,

ವರ್ಷಕ್ಕೆ ನಾಲ್ಕು ಬೇಸಿಗೆ ಎಣಿಸುವವರು ನಾವು, ತಾರೀಕು ನೋಡಿ ಹುಬ್ಬೇರಿಸಬೇಡಿ. ಮಾತು ಒರಟಾಗಿದ್ದರೆ ಸಹಿಸಿಕೊಳ್ಳಿ. ಮೂರನೇ ತರಗತಿಗೆ ಶಾಲೆ ಬಿಟ್ಟು ಐವತ್ತು ವರ್ಷ ಕುಲುಮೆ ಕಾದವಳು ನಾನು, ತಿಪ್ಪಕ್ಕ.

ನಾವು ಮಾಡುವುದು ನೆನಪುಪಟ್ಟಿ ಎಂಬ ಲೋಹದ ಪಟ್ಟಿ. ತಾಮ್ರ, ಅಲ್ಯೂಮಿನಿಯಂ, ಚೂರು ನಿಕ್ಕಲ್ ಬೆರೆಸಿ, ಕೆಂಪಗೆ ಕಾಯಿಸಿ, ಒಂದೇ ಉಸಿರಿಗೆ ನೀರಿಗೆ ಅದ್ದುತ್ತೇವೆ. ಬಗ್ಗಿಸಿ ಚಾವಣಿಯ ಕಿಂಡಿಗೆ ಕಟ್ಟಿದರೆ, ಮಧ್ಯಾಹ್ನದ ಕಾವಿಗೆ ತನ್ನ ಹಳೆಯ ನೇರ ರೂಪ ನೆನೆದು ಕಿಂಡಿಯನ್ನು ತಾನೇ ತಳ್ಳಿ ತೆರೆಯುತ್ತದೆ. ಸಂಜೆ ತಣಿದಾಗ ಕಿಂಡಿಗೆ ತೂಗುಬಿಟ್ಟ ಕಲ್ಲಿನ ಭಾರಕ್ಕೆ ಮತ್ತೆ ಬಗ್ಗುತ್ತದೆ. ಕಿಂಡಿ ತೆರೆಯದಿದ್ದರೆ ಇಲ್ಲಿ ಒಳಗಿನ ಕಾವಿಗೆ ಮನುಷ್ಯ ಬದುಕುವುದಿಲ್ಲ.

ಮುನ್ನೂರು ವರ್ಷ ಹಿಂದಿನ ನಿಮ್ಮ ಹಾಳೆ ನಮ್ಮ ಕುಲುಮೆಯ ಗೋಡೆಯಲ್ಲಿದೆ. ಇನ್ನೂರು ಡಿಗ್ರಿ ದಾಟಿದ ಕಾವಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಲೋಹದೊಳಗೆ ಬೇರೆ ಕಣ ಹುಟ್ಟಿ ನೆನಪು ಕೆಡುತ್ತದೆ ಎಂದು ಬರೆದಿದ್ದೀರಿ. ಪಟ್ಟಿಯ ಚೂರು ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವ ನನ್ನ ಸೊಸೆ ಬೊಮ್ಮಕ್ಕನಿಗೆ ಅದು ಬಾಯಿಪಾಠ.

ಬಾಣಂತಿಮನೆಗೆ ಪಟ್ಟಿ ಕೊಡಬೇಕಿತ್ತು. ಕಿಲುಬು ಹಿಡಿಯದಿರಲೆಂದು ಎಣ್ಣೆ ಸವರಿ, ದೋಸೆ ಕಾವಲಿ ಪಳಗಿಸಿದಂತೆ, ಬಿಸಿಮರಳಿನಲ್ಲಿ ಸ್ವಲ್ಪ ಹೊತ್ತು ಇಡುವುದು ನಮ್ಮ ರೂಢಿ. ಹೊಳಪು ಗಟ್ಟಿಯಾಗಿ ಕೂರಲಿ ಎಂದು ನಾನು ಉರಿ ಏರಿಸಿ ಇಡೀ ದಿನ ಬಿಟ್ಟೆ.

"ಅತ್ತೆ, ಇದು ಕಾವಲಿ ಅಲ್ಲ. ಸಾಕು, ತೆಗೀರಿ," ಎಂದಳು ಬೊಮ್ಮಕ್ಕ.

"ಹಾಳೆ ಓದಿದೋಳು ನಂಗೆ ಒಲೆ ಕಲಿಸ್ತೀಯೇನೇ? ಸತ್ತೋರ ಮಾತು ಕಟ್ಕೊಂಡು ನಂಗೇನಾಗ್ಬೇಕು, ಹೋಗು!" ಎಂದೆ.

ಆ ಪಟ್ಟಿ ಕಟ್ಟಿದ ಬಾಣಂತಿಮನೆಯ ಕಿಂಡಿಗಳು ಮಧ್ಯಾಹ್ನ ತೆರೆಯಲಿಲ್ಲ. ಇಬ್ಬರು ಬಾಣಂತಿಯರೂ ಒಂದು ಹಸುಗೂಸೂ ಪ್ರಜ್ಞೆ ತಪ್ಪಿದರು. ಊರವರು ಬಾಗಿಲು ಒಡೆದು ಹೊರಗೆ ತಂದರು, ಹೇಗೋ ಉಳಿದರು. ಊರಸಭೆ ಕೇಳಿದಾಗ ನಾನು, "ಸೊಸೆ ನೀರಿಗೆ ಅದ್ದೋದು ತಡ ಮಾಡಿದ್ಲು" ಎಂದುಬಿಟ್ಟೆ. ಈಗ ಅವಳು ಕುಲುಮೆಯ ಹೊಸಿಲು ತುಳಿಯುವಂತಿಲ್ಲ. ಬೂದಿ ಹೊರುತ್ತಾಳೆ. ಮನೆಯಲ್ಲಿ ಮೊದಲಿನಂತೆಯೇ ನನಗೆ ಮುದ್ದೆ ಬಡಿಸುತ್ತಾಳೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ.

ನಿನ್ನೆ ಕೆಟ್ಟ ಪಟ್ಟಿಯೊಂದನ್ನು ಕದ್ದು ಅವಳ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೆಣೆದ ಈಚಲುಗರಿಯಂತೆ ಗೆರೆಗಳಿವೆ. ತಡವಾಗಿ ಅದ್ದಿದ್ದರೆ ಅವು ಮೂಡುತ್ತಲೇ ಇರಲಿಲ್ಲ. ಅವುಗಳ ಮೇಲೆಲ್ಲ ರಾಗಿ ಚೆಲ್ಲಿದಂತೆ ಕಪ್ಪು ಚುಕ್ಕೆ. ಅದು ಮರಳಿನ ಕಾವಿನ ಗುರುತು. ನನ್ನ ಗುರುತು.

ನಿಮಗೇ ಮೊದಲು ಹೇಳುತ್ತಿದ್ದೇನೆ, ಏಕೆಂದರೆ ನೀವು ನನ್ನ ಮುಖ ನೋಡಲಾರಿರಿ. ಒಂದೇ ಕೇಳಿಕೆ: ಯಾರು ಕೇಳುತ್ತಾರೆ ಎಂದು ಬೇಸತ್ತು ಆ ಇನ್ನೂರು ಡಿಗ್ರಿಯ ಸಾಲನ್ನು ಮಾತ್ರ ಬರೆಯದೆ ಬಿಡಬೇಡಿ.

ನಾಳೆ ಸಭೆ. ಆ ಕೆಟ್ಟ ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದೇನೆ. ಎಲ್ಲರೆದುರು ಸೊಸೆಯ ಕೈಗೆ ಅದನ್ನು ಕೊಟ್ಟು, "ಏನು ಕಾಣ್ತದೋ ಗಟ್ಟಿಯಾಗಿ ಹೇಳವ್ವ" ಎನ್ನುತ್ತೇನೆ.

ತಿಪ್ಪಕ್ಕ