ಬದುಕಿರುವ ತಾಯಿಗೆ ಎಡೆ

ಟೊಂಗ್ಯಾಂಗ್
9 ಸೆಪ್ಟೆಂಬರ್ 2004

ತಮ್ಮ ಗಿಲ್ಸುಗೆ,

ಸಿನಿಮಾ ಪೋಸ್ಟರಿನ ಮೇಲಿರುವ ನಿನ್ನ ಯೂ ಹಾನ್ ಎಂಬ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಅಮ್ಮ ಇಟ್ಟ ಹೆಸರೇ ಸಾಕು. ನಾವಿಬ್ಬರೂ ಕ್ಷೇಮ. ಅಮ್ಮ ಬದುಕಿದ್ದಾಳೆ ಎಂದು ನಿನಗೆ ಬರೆದು ತಿಳಿಸಬೇಕಾಯಿತಲ್ಲ, ಅದಕ್ಕೇ ಹೇಸಿಗೆಯಾಗುತ್ತಿದೆ.

ಮೊನ್ನೆ ಟಿವಿಯಲ್ಲಿ ನಿನ್ನನ್ನು ನೋಡಿದೆವು. ತಾಯಿಯಿಲ್ಲದ ಹುಡುಗ ಹೇಗೆ ನಾಯಕನಟನಾದ ಎಂಬ ಕಾರ್ಯಕ್ರಮ. ತೀರಿಕೊಂಡ ತಾಯಿಗೆಂದು ಎಡೆ ಇಟ್ಟೆ, ಅನ್ನದಲ್ಲಿ ಚಮಚ ನೆಟ್ಟೆ, ಎರಡು ಸಲ ಅಡ್ಡಬಿದ್ದೆ. ಬದುಕಿದ್ದವರಿಗೆ ಒಂದು ಸಲ, ಸತ್ತವರಿಗೆ ಎರಡು ಸಲ ಎಂದು ನಿನಗೆ ಕಲಿಸಿದವಳು ಅಮ್ಮನೇ. ಕಣ್ಣೀರಂತೂ ಚೆನ್ನಾಗಿ ಬಂತು. ಥೂ.

ಮೊದಲ ಸಿನಿಮಾದಲ್ಲಿ ನೀನು ಹೆಣವಾಗಿ ಮಲಗಿದ್ದೆ, ಮುಖದ ಮೇಲೆ ಬಟ್ಟೆ. ಅಮ್ಮ ಕಾಲ್ಬೆರಳು ನೋಡಿ ಗುರುತು ಹಿಡಿದು ಮೀನು ಮಾರುಕಟ್ಟೆಗೆಲ್ಲ ಸಾರಿದಳು. ಎರಡನೆಯದರಲ್ಲಿ ಹೋಟೆಲ್ ಮಾಣಿ, ಒಂದೇ ಒಂದು ಮಾತು. ಅದನ್ನೂ ಬಾಯಿಪಾಠ ಮಾಡಿ ಗಿರಾಕಿಗಳಿಗೆ ಒಪ್ಪಿಸುತ್ತಿದ್ದಳು. ಈಗ ಬಸ್ ನಿಲ್ದಾಣಗಳಲ್ಲೆಲ್ಲ ನಿನ್ನದೇ ಮುಖ. ಮೀನು ಮಾರುವ ತಾಯಿ ಇದ್ದರೆ ಆ ಮುಖಕ್ಕೆ ಏನು ಕಡಿಮೆಯಾಗುತ್ತಿತ್ತು?

ಮರುದಿನ ಪಕ್ಕದ ಅಂಗಡಿಯ ಓಕ್‌ಬುನ್, "ಏನಕ್ಕಾ, ಮಗ ತಿಥಿ ಮಾಡಿ ಮುಗಿಸಿದಾನೆ, ನೀನಿನ್ನೂ ಇಲ್ಲೇ ಕೂತು ಬಂಗಡೆ ಮಾರ್ತಿದೀಯ" ಎಂದು ಕುಟುಕಿದಳಂತೆ. ಅಮ್ಮ ಕೈಯಲ್ಲಿದ್ದ ಕತ್ತಿಯನ್ನೂ ಕೆಳಗಿಡದೆ, "ಎಡೇಲಿ ಪೀಚ್ ಹಣ್ಣು ಇಟ್ಟಿದ್ದ ಕಣೆ. ಅದನ್ನ ಇಟ್ರೆ ಸತ್ತೋರು ಹೊಸ್ಲು ದಾಟಿ ಒಳಗೆ ಬರಲ್ಲ ಅಂತ ಎಷ್ಟು ಸಲ ಹೇಳಿಲ್ಲ ನಾನು, ಮರ್ತೇಬಿಟ್ಟಿದಾನೆ" ಎಂದಳಂತೆ. ಟಿವಿಯವರು ಚಂದ ಕಾಣಲೆಂದು ಇಟ್ಟಿರಬೇಕು. ನೋಡಿಯೂ ಸುಮ್ಮನಿದ್ದೆಯಲ್ಲ ನೀನು. ಅಂದು ಮನೆಗೆ ಬಂದ ಅಮ್ಮ ಊಟ ಮಾಡಲಿಲ್ಲ.

ಛುಸೊಕ್ ಹಬ್ಬಕ್ಕೆ ಬಾ. ಬೇಕಿದ್ದರೆ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡೇ ಬಾ. ಅಮ್ಮನ ಮುಂದೆ ಒಂದು ಸಲ, ಒಂದೇ ಸಲ, ಅಡ್ಡಬಿದ್ದು ಹೋಗು. ಬಾರದಿದ್ದರೆ ಇನ್ನು ಮುಂದೆ ಈ ಮನೆಗೆ ನಿನ್ನ ಕಾಗದವೂ ಬೇಡ, ಫೋನೂ ಬೇಡ.

ನಿನ್ನ ಅಕ್ಕ,
ಮಾಲ್ಸುನ್

ತಾ.ಕ.: ಎಡೆಯ ಹಿಂದೆ ಇಟ್ಟಿದ್ದ ತನ್ನ ಹರೆಯದ ಫೋಟೊ ಟಿವಿಯವರಿಗೆ ಎಲ್ಲಿ ಸಿಕ್ಕಿತು ಎಂದು ಅಮ್ಮ ಕೇಳುತ್ತಲೇ ಇದ್ದಾಳೆ. ನೀನೇ ಕದ್ದೊಯ್ದಿರಬೇಕು ಎಂದಿದ್ದೇನೆ. ನಿನ್ನ ಮ್ಯಾನೇಜರ್ ಬಂದಾಗ ಪೆಟ್ಟಿಗೆಯಿಂದ ತೆಗೆದುಕೊಟ್ಟವಳು ನಾನು. ಎಡೆಯ ಹಿಂದೆ ಇಡಲು ಎಂದು ಅವನು ಹೇಳಿಯೇ ಕೇಳಿದ್ದ. ನನ್ನ ತಮ್ಮ ಮುಂದೆ ಬಂದರೆ ಸಾಕು ಅನ್ನಿಸಿತ್ತು. ಬಂದಾಗ ಅಮ್ಮನ ಮುಂದೆ ಬಾಯಿ ಬಿಡಬೇಡ.